ಐದು ಬಾಯಿಗೆ ಒಂದು ಗಂಟಲು

ಆ ಸಿನಿಮಾದಲ್ಲಿ ಐದು ಜನ ಕೆಟ್ಟ ಹೆಂಗಸರಿದ್ದರು. ಒಬ್ಬಳು ಉಸಿರಿನಲ್ಲೇ ವಿಷ ಬಿಡುವವಳು, ಒಬ್ಬಳು ಗೋಡೆಯೊಳಗಿಂದ ನಡೆದುಹೋಗಿ ತಿಜೋರಿ ಬಾಚುವವಳು, ಒಬ್ಬಳು ಮುಟ್ಟಿದರೆ ಕರೆಂಟು ಹೊಡೆಯುವವಳು, ಇನ್ನೊಬ್ಬಳು ಬೇಕೆಂದಾಗ ಕಣ್ಣಿಗೆ ಕಾಣದೆ ಇದ್ದುಬಿಡುವವಳು. ಐದನೆಯವಳು ಇವರಿಗೆಲ್ಲ ಮುಖ್ಯಸ್ಥೆ. ಮುಖಕ್ಕೆ ಕಬ್ಬಿಣದ ಮುಖವಾಡ, ಒಂದೇ ಕೈಯಲ್ಲಿ ಬಸ್ಸು ಎತ್ತಿ ಒಗೆಯುವ ತಾಕತ್ತು. ಒಂದೇ ಕಾರ್ಖಾನೆಯ ಕೆಟ್ಟ ಗಾಳಿ ಕುಡಿದು ಹೀಗಾದ ಐವರೂ ಒಟ್ಟು ಸೇರಿ ಅದರ ಧಣಿಯನ್ನು ಹುಡುಕಿಕೊಂಡು ಹೋಗುವುದೇ ಕಥೆ. ಪರದೆಯ ಮೇಲೆ ಐದು ಮೈಕಟ್ಟು, ಐದು ನಡಿಗೆ. ಗಂಟಲು ಮಾತ್ರ ಒಂದೇ. ಆ ನಟಿಯರಲ್ಲಿ ಒಬ್ಬಳಿಗೂ ಈ ಭಾಷೆ ಬರುತ್ತಿರಲಿಲ್ಲ. ಐವರ ಮಾತು, ಬೈಗುಳ, ನಗು, ಏದುಸಿರು ಎಲ್ಲವನ್ನೂ ಕೊಟ್ಟವಳು ಗಂಟಲಕ್ಕ.

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸದ ಜಾಗ ಎಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಒಂದು ಕೋಣೆ. ಗೋಡೆಗೆಲ್ಲ ದಪ್ಪ ಕಂಬಳಿ, ಮಧ್ಯದಲ್ಲಿ ಮೈಕು, ಕಾಗದ ಇಡುವ ಸ್ಟ್ಯಾಂಡು, ಅದಕ್ಕೊಂದು ಪುಟ್ಟ ದೀಪ. ಫ್ಯಾನಿಲ್ಲ, ಯಾಕೆಂದರೆ ಫ್ಯಾನಿನ ಸದ್ದನ್ನೂ ಮೈಕು ಕುಡಿಯುತ್ತದೆ. ಎದುರಿಗೆ ದಪ್ಪ ಗಾಜು, ಗಾಜಿನಾಚೆ ನಿರ್ದೇಶಕರು ಕೂರುವ ಕುರ್ಚಿ, ಅದರ ಪಕ್ಕ ಸೌಂಡಿನಣ್ಣ. ಈ ಸೌಂಡಿನಣ್ಣನೂ ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದಾನೆ. ಯಾರಿಗೂ ಎದುರು ಮಾತಾಡಿದವನಲ್ಲ. ಮಾತಾಡಬೇಕಾದಾಗ ತಲೆ ಕೆರೆದುಕೊಳ್ಳುವವನು.

ಅವಳಿಗೆ ಈ ಸಿನಿಮಾ ಎಂದರೆ ಪ್ರಾಣವಾಗಿತ್ತು. ಇಷ್ಟು ವರ್ಷ ಅವಳು ಅತ್ತದ್ದೇ ಅತ್ತದ್ದು. ನಾಯಕನ ತಾಯಿಯಾಗಿ ಅತ್ತಳು, ತಂಗಿಯಾಗಿ ಅತ್ತಳು, ಸಾಯುವ ಮೊದಲ ಹೆಂಡತಿಯಾಗಿ ಅತ್ತಳು. ಮೂಗು ಎಳೆದುಕೊಂಡು ಒಂದು ಥರ, ಬಿಕ್ಕಿ ಒಂದು ಥರ, ತುಟಿ ಕಚ್ಚಿ ಒಂದು ಥರ ಹೀಗೆ ಏಳು ಬಗೆ ಅಳು ಅವಳ ನಾಲಿಗೆಯ ತುದಿಯಲ್ಲಿತ್ತು. ಈಗ ಮೊದಲ ಬಾರಿಗೆ ಐದು ಹೆಂಗಸರು ಸಿಕ್ಕಿದ್ದರು, ಒಬ್ಬಳೂ ಅಳುವವಳಲ್ಲ. ಐವರೂ ತಮ್ಮತಮ್ಮಲ್ಲೇ ಕಚ್ಚಾಡುವ ಒಂದು ದೃಶ್ಯಕ್ಕೆ ಅವಳು ಐದು ಸಲ ಒಳಗೆ ನಿಂತು, ತನ್ನ ಮಾತಿಗೆ ತಾನೇ ಎದುರು ಮಾತಾಡಿ, ತನಗೆ ತಾನೇ ಬಾಯಿಗೆ ಬಂದಂತೆ ಬೈದು ಬೆವೆತು ಹೊರಗೆ ಬಂದಿದ್ದಳು. ಕೊನೆಯ ದೃಶ್ಯವಂತೂ ಇನ್ನೂ ಚೆಂದ. ಕಾರ್ಖಾನೆಯ ಗೋಪುರದ ಮೇಲೆ ಮುಖವಾಡದವಳು ಧಣಿಯ ಕತ್ತಿನ ಪಟ್ಟಿ ಹಿಡಿದು, ಅನಿಲದ ಕೊಳಾಯಿಯ ಮೇಲೆ ಕೈಯಿಟ್ಟು ಹೇಳುತ್ತಾಳೆ: "ಕೇಳೋಕೆ ಏನೂ ಇಲ್ಲ ನಿನ್ನ ಹತ್ರ. ತಗೋ, ನಿಂದೇ ಗಾಳಿ, ನೀನೇ ಕುಡಿ." ಆ ಮಾತು ಹೇಳಿದ ದಿನ ಗಂಟಲಕ್ಕನ ಮೈಯಲ್ಲಿ ಜುಮ್ಮೆಂದಿತ್ತು. ಮನೆಗೆ ಹೋಗಿ ಅತ್ತೆಗೂ ಅದೇ ಧ್ವನಿಯಲ್ಲಿ ಹೇಳಿ ತೋರಿಸಿದ್ದಳು.

ಕೆಲಸವೆಲ್ಲ ಮುಗಿದು ಮೂರು ವಾರವಾಗಿತ್ತು. ಒಂದು ಚಿಕ್ಕ ಕೆಲಸವಿದೆ, ಬಂದು ಹೋಗಿ ಎಂದು ಫೋನು ಬಂತು. ಹೋದಳು. ನಿರ್ದೇಶಕ ಎದ್ದು ನಿಂತು ಕೈ ಮುಗಿದ. ಅವನು ಎದ್ದು ನಿಂತದ್ದು ನೋಡಿಯೇ ಅವಳ ಕಿವಿ ನೆಟ್ಟಗಾಯಿತು.

"ಅಕ್ಕಾ, ನಿಮ್ಮ ಜೀವಮಾನದ ಆ್ಯಕ್ಟಿಂಗು!" ಎಂದ. "ನೂರು ಜನರಿಗೆ ತೋರಿಸಿದ್ವಿ. ಕೊನೆ ಸೀನಲ್ಲಿ ಅರ್ಧ ಜನ ಅತ್ತುಬಿಟ್ರು. ನೀವೇ ನೋಡಿ."

ಸೌಂಡಿನಣ್ಣ ಅವಳ ಕಡೆ ನೋಡದೆ ಗುಂಡಿ ಒತ್ತಿದ. ಗೋಪುರ ಬಂತು, ಧಣಿ ಬಂದ, ಮುಖವಾಡದವಳು ಅವನ ಕತ್ತಿನ ಪಟ್ಟಿ ಹಿಡಿದಳು. ಸಂಗೀತ ನಿಂತಿತು. ಮುಖವಾಡದವಳು ಕೈ ಸಡಿಲ ಬಿಟ್ಟು, ತಲೆ ತಗ್ಗಿಸಿ, ಗಂಟಲಕ್ಕನ ಧ್ವನಿಯಲ್ಲಿ ಹೇಳಿದಳು: "ಸಾರಿ. ನನ್ನದೇ ತಪ್ಪು." ಮುಂದಿನ ಶಾಟಿನಲ್ಲಿ ಪೊಲೀಸರ ಮುಂದೆ ತಾನೇ ಕೈ ಚಾಚಿ ನಿಂತಿದ್ದಳು.

ಗಂಟಲಕ್ಕ ಪರದೆಯ ಕಡೆಗೆ ಬಗ್ಗಿದಳು. ಧ್ವನಿ ತನ್ನದೇ, ಸಂದೇಹವಿಲ್ಲ. ಆದರೆ ಆ ಮಾತು ಬರೆದ ಹಾಳೆ ಅವಳ ಕೈಗೆ ಬಂದೇ ಇರಲಿಲ್ಲ. "ಇದನ್ನ ನಾನು ಯಾವಾಗ ಹೇಳಿದೆ?" ಎಂದು ಕೇಳಿದಳು.

"ಮೊದಲ ಸಲ ತೋರಿಸಿದಾಗ ಜನಕ್ಕೆ ಹಳೇ ಕೊನೆ ಸೇರಲಿಲ್ಲ ಅಕ್ಕ," ಎಂದ ನಿರ್ದೇಶಕ. "ಹೆಂಗಸು ಕೆಟ್ಟವಳಾಗಿದ್ರೂ ಪರವಾಗಿಲ್ಲ, ಆದ್ರೆ ಇಷ್ಟು ಸೊಕ್ಕಾ ಅಂತ ಬರೆದುಕೊಟ್ರು. ಅವಳಿಗೆ ಒಂಚೂರು ಪಶ್ಚಾತ್ತಾಪ ಇದ್ರೆ ಎಲ್ಲಾ ಮಾಫು. ಎರಡು ಶಾಟು ಮತ್ತೆ ತೆಗೆದ್ವಿ. ಮುಖವಾಡ ಇದೆಯಲ್ಲ, ತುಟಿ ಕಾಣಲ್ಲ. ಏನು ಮಾತು ಬೇಕಾದ್ರೂ ಕೂರಿಸಬಹುದು. ನಿಮ್ಮದೇ ಒಂದು ಮಾತು ಹುಡುಕಿ ಕೂರಿಸಿದ್ವಿ. ಎಷ್ಟು ನಿಜವಾಗಿ ಬಂದಿದೆ ನೋಡಿ!"

ನಿಜವಾಗಿ ಬಾರದೆ ಏನು? ನಿಜವೇ ಆಗಿತ್ತಲ್ಲ! ಅವಳಿಗೆ ಈಗ ಆ ದಿನ ನೆನಪಾಯಿತು. ಮಾತು ತಿದ್ದಿದ ಮೇಲೂ ನಿರ್ದೇಶಕ ಹಳೆಯ ಹಾಳೆಯನ್ನೇ ಕೊಟ್ಟಿದ್ದ. ಅವಳು ಅದರಲ್ಲಿದ್ದಂತೆ ಓದಿದಳು. ಅವನು ಗುಂಡಿ ಒತ್ತಿ, "ಓದೋಕೆ ಬರಲ್ವೇನ್ರೀ ನಿಮಗೆ? ಹೆಬ್ಬೆಟ್ಟಾ?" ಎಂದು ಕಿವಿಯ ತಮಟೆ ಹರಿಯುವಂತೆ ಕೂಗಿದ. ಹಾಳೆಯೇ ಹಳೆಯದು ಎಂದು ಸೌಂಡಿನಣ್ಣನಿಗೆ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. ಆದರೂ ಅವಳ ಬಾಯಿಂದ ಬಂದದ್ದು, "ಸಾರಿ. ನನ್ನದೇ ತಪ್ಪು. ಇನ್ನೊಂದ್ಸಲ ಮಾಡ್ಲಾ ಸರ್?" ಅದರಲ್ಲಿ ಮೊದಲ ಎರಡು ತುಂಡನ್ನು ಕತ್ತರಿಸಿ ಆ ಮುಖವಾಡದೊಳಗೆ ತುರುಕಿದ್ದರು.

"ಇದು ಡೈಲಾಗಲ್ಲ," ಎಂದಳು.

"ಆ ದಿನ ನೀವು ಸಹಿ ಹಾಕಿದ ಚೀಟಿ ಪ್ರಕಾರ ಈ ಕೋಣೆಯಲ್ಲಿ ಬಂದ ಸದ್ದೆಲ್ಲ ಕಂಪನಿಯದ್ದೇ," ಎಂದ ನಿರ್ದೇಶಕ ನಗುತ್ತಲೇ. "ಇರ್ಲಿ, ಈಗ ವಿಷಯಕ್ಕೆ ಬರೋಣ. ಅದರಲ್ಲೊಂದು ಸಣ್ಣ ಕಸ ಇದೆ."

ಕಸ ಯಾವುದೆಂದು ಸೌಂಡಿನಣ್ಣ ಧ್ವನಿ ಏರಿಸಿ ಕೇಳಿಸಿದ. ಗಾಜಿನಾಚೆ ಕೂತವರು ಗುಂಡಿ ಒತ್ತಿ ಆಡುವ ಮಾತು ಒಳಗಿರುವವಳ ಹೆಡ್‌ಫೋನಿಗೆ ಮಾತ್ರ ಹೋಗುತ್ತದೆ, ರೆಕಾರ್ಡ್ ಆಗುವುದಿಲ್ಲ. ಆದರೆ ಅವನು ಆ ದಿನ ಕೂಗಿದ ರಭಸಕ್ಕೆ ಮಾತು ಹೆಡ್‌ಫೋನಿನ ಸಂದಿಯಿಂದ ಸೋರಿ ಮೈಕಿಗೆ ಬಿದ್ದಿತ್ತು. "ಸಾರಿ" ಎನ್ನುವುದರ ಅಡಿಯಲ್ಲಿ, ದೂರದ ಬಾವಿಯೊಳಗಿಂದ ಎಂಬಂತೆ, ಒಬ್ಬ ಗಂಡಸು "ಹೆಬ್ಬೆಟ್ಟಾ?" ಎನ್ನುತ್ತಿದ್ದ. ನೂರು ಜನರ ಸಣ್ಣ ಹಾಲಿನಲ್ಲಿ ಯಾರಿಗೂ ಕೇಳಿರಲಿಲ್ಲ. ದೊಡ್ಡ ಥಿಯೇಟರಿನಲ್ಲಿ, ಸಂಗೀತವೂ ನಿಂತಿರುವಾಗ, ಹಿಂದಿನ ಸಾಲಿನವನಿಗೂ ಕೇಳುತ್ತದೆ.

"ಅದಕ್ಕೇ, ಅದನ್ನೇ ಒಂದು ಸಲ ಶುದ್ಧವಾಗಿ ಹೇಳಿಬಿಡಿ," ಎಂದ ನಿರ್ದೇಶಕ. "ಅದೇ ಫೀಲು. ಎರಡು ನಿಮಿಷದ ಕೆಲಸ."

"ನಾಳೆ ಹೇಳ್ತೀನಿ," ಎಂದಳು ಗಂಟಲಕ್ಕ. ಸಿಟ್ಟು ಬಂದಾಗಲೂ ನಾಳೆ ಎನ್ನುವುದು ಅವಳ ಅಭ್ಯಾಸ. ಆ ಅಭ್ಯಾಸದ ಮೇಲೂ ಅವಳಿಗೆ ಸಿಟ್ಟು ಬಂತು.

ನಿರ್ದೇಶಕ ಹೊರಟುಹೋದ ಮೇಲೆ ಅವಳು ಸೌಂಡಿನಣ್ಣನ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಇಷ್ಟು ಬೇಗ ಹೇಗೆ ಸಿಕ್ತು ನಿಂಗೆ ಆ ಸಾರಿ?"

ಅವನು ತಲೆ ಕೆರೆದುಕೊಂಡ. "ನಿನ್ನ ಸಾರಿಗೇನು ಬರಗಾಲಾನಾ ಅಕ್ಕ? ಟ್ರ್ಯಾಕು ಕ್ಲೀನ್ ಮಾಡೋವಾಗ ಎಲ್ಲಾ ಕತ್ತರಿಸಿ ಒಂದು ಕಡೆ ಹಾಕಿರ್ತೀನಿ. ಈ ಪಿಕ್ಚರದ್ದೇ ನಾನೂರ ಹನ್ನೆರಡು ಇದೆ. ಆದ್ರೆ ಜನ ಅಳೋ ಹಾಗೆ, ತಪ್ಪು ನಂದೇ ಅನ್ನೋ ಹಾಗೆ ಇರೋದು ಅದೊಂದೇ; ಬೇರೆ ಯಾವುದೂ ಅಲ್ಲಿ ಕೂರಲ್ಲ."

"ಹಾಕು. ಕೇಳ್ಬೇಕು."

"ಬೇಡ ಅಕ್ಕ."

"ಹಾಕು ಅಂದೆ."

ಅವನು ಹಾಕಿದ. ಒಂದರ ಹಿಂದೆ ಒಂದು, ಅವಳದೇ ಧ್ವನಿ, ಸಾರಿ ಸಾರಿ ಸಾರಿ. ಕೆಮ್ಮಿದ್ದಕ್ಕೆ ಸಾರಿ. ಕಾಗದ ಸರಪರ ಎಂದದ್ದಕ್ಕೆ ಸಾರಿ. ಮಧ್ಯಾಹ್ನ ಮೂರಾದರೂ ಊಟಕ್ಕೆ ಬಿಡದೆ ನಿಲ್ಲಿಸಿದಾಗ ಹೊಟ್ಟೆ ಗುರ್ ಎಂದದ್ದಕ್ಕೆ ಸಾರಿ, ಅದರ ಹಿಂದೆಯೇ ಒಂದು ಕಿಲಕಿಲ ನಗು. ನಿರ್ದೇಶಕ ತಡವಾಗಿ ಬಂದ ದಿನ, ತಾನು ಕಾದು ಕಾದು ಕುರ್ಚಿಯಲ್ಲಿ ತೂಕಡಿಸಿದ್ದಕ್ಕೆ ಸಾರಿ. ಇನ್ನೊಂದು ಕಡೆ ಸದ್ದೆಲ್ಲ ಸತ್ತುಹೋಗುವ ಮೊದಲು ಅರ್ಧ ಸಾರಿ ಕೇಳಿಸಿತು.

"ಇದೇನಿದು?"

"ಅವತ್ತು ದೀಪ ಪಿಳಪಿಳ ಅಂದು ಕರೆಂಟು ಹೋಯ್ತಲ್ಲ, ಅದು."

"ಕರೆಂಟು ಹೋದದ್ದಕ್ಕೂ ನಾನು ಸಾರಿ ಅಂದಿದ್ದೀನಾ!" ಎಂದು ಅವಳು ಕಿರುಚಿದಳು. ಅವಳ ಪಿತ್ತ ನೆತ್ತಿಗೇರಿತ್ತು. ಆ ನಾನೂರ ಹನ್ನೆರಡರಲ್ಲಿ ಒಂದು ಕಡೆಯೂ ತಪ್ಪು ಯಾರದೆಂದು ಇಲ್ಲ. ಬೈದವರ ಮಾತು ರೆಕಾರ್ಡ್ ಆಗುವುದಿಲ್ಲ, ತಡವಾಗಿ ಬಂದವರ ತಡ ರೆಕಾರ್ಡ್ ಆಗುವುದಿಲ್ಲ, ಹಳೆಯ ಹಾಳೆ ಕೊಟ್ಟ ಕೈ ರೆಕಾರ್ಡ್ ಆಗುವುದಿಲ್ಲ. ಉಳಿದದ್ದು ಅವಳ ಸಾರಿ ಮಾತ್ರ. ಯಾರಾದರೂ ಅದನ್ನಷ್ಟೇ ಕೇಳಿದರೆ, ಈ ಹೆಂಗಸು ಸಿನಿಮಾ ಪೂರ್ತಿ ಬರೀ ತಪ್ಪೇ ಮಾಡುತ್ತಿದ್ದಳು ಎಂದುಕೊಳ್ಳಬೇಕು.

"ನೀನಾದ್ರೂ ಹೇಳಬಹುದಿತ್ತು, ಹಾಳೆ ಹಳೇದು ಅಂತ," ಎಂದಳು.

ಸೌಂಡಿನಣ್ಣ ಮತ್ತೆ ತಲೆ ಕೆರೆದುಕೊಂಡ.

ಮನೆಯಲ್ಲಿ ಗಂಡ ಊಟದ ಮೇಜಿನ ಮೇಲೆ ಒಂದು ಹಳೆಯ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಗಡಿಯಾರ ರಿಪೇರಿ ಅವನ ಕಸುಬು; ಅಂಗಡಿಯಲ್ಲಿ ಮುಗಿಯದ್ದು ಮನೆಗೂ ಬರುತ್ತದೆ. ಅವಳು ಎಲ್ಲ ಹೇಳಿದಳು. ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ತೆಗೆಯದೆಯೇ, "ಎರಡು ಮಾತು ತಾನೆ? ಹೇಳಿ ಬಂದ್ರೆ ನಿಂದೇನು ಗಂಟು ಹೋಗುತ್ತೆ?" ಎಂದ. "ಅದೇನು ನೀನು ಹೇಳೋದಾ? ಆ ಮುಖವಾಡದವಳು ಹೇಳೋದು."

"ನಾನು ಹೇಳಿದ್ದನ್ನೇ ಅಲ್ವಾ ಅವಳ ಬಾಯಿಗೆ ಹಾಕಿದ್ದು!"

ಅತ್ತೆ ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಸಾರಿ ಕೇಳಿದ್ಮೇಲೆ ಆ ಧಣೀನ ಏನು ಮಾಡ್ತಾಳೆ?" ಎಂದು ಕೇಳಿದರು.

"ಬಿಟ್ಟುಬಿಡ್ತಾಳೆ ಅತ್ತೆ. ಬಿಟ್ಟು, ತಾನೇ ಹೋಗಿ ಪೊಲೀಸರ ಕೈಗೆ ಸಿಗ್ತಾಳೆ."

"ಥೂ," ಎಂದರು ಅತ್ತೆ. "ಹಾಗಾದ್ರೆ ಬಸ್ಸು ಎತ್ತಿದ್ದಾದ್ರೂ ಯಾತಕ್ಕೆ?"

ಗಂಡ ಮಸೂರ ತೆಗೆದು ಇಬ್ಬರನ್ನೂ ನೋಡಿ ಮತ್ತೆ ಗಡಿಯಾರಕ್ಕೆ ಬಗ್ಗಿದ. ಗಂಟಲಕ್ಕನಿಗೆ ಅಂದು ಮೊದಲ ಬಾರಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ಅವಳು ಸ್ಟುಡಿಯೋದಲ್ಲಿದ್ದಳು. ಸಂಜೆ ಆರಕ್ಕೆ ಸಿನಿಮಾದ ಕೊನೆಯ ಪ್ರತಿ ಥಿಯೇಟರುಗಳಿಗೆ ಹೋಗಬೇಕಿತ್ತು. ನಿರ್ದೇಶಕನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಅವಳು ಒಳಗೆ ಹೋಗಿ ಹೆಡ್‌ಫೋನು ಹಾಕಿಕೊಂಡಳು. ಚಿತ್ರ ಓಡಿತು, ಸಂಗೀತ ನಿಂತಿತು. ಅವಳು ಹೇಳಿದಳು: "ಕೇಳೋಕೆ ಏನೂ ಇಲ್ಲ ನಿನ್ನ ಹತ್ರ. ತಗೋ, ನಿಂದೇ ಗಾಳಿ, ನೀನೇ ಕುಡಿ."

"ಅಕ್ಕ, ಹಳೇದಲ್ಲ, ಹೊಸದು," ಎಂದಿತು ಹೆಡ್‌ಫೋನು.

ಎರಡನೆಯ ಸಲ ಅದನ್ನೇ ಹೇಳಿದಳು. ಮೂರನೆಯ ಸಲ ಅದನ್ನೇ. ಅವನು ಬೆಣ್ಣೆ ಹಚ್ಚಿದ, ಮುಂದಿನ ಸಿನಿಮಾದಲ್ಲೂ ನೀವೇ ಎಂದ, ಆಮೇಲೆ ಮುಂದೆ ಯಾವ ಸ್ಟುಡಿಯೋದ ಬಾಗಿಲೂ ನಿಮಗೆ ತೆರೆಯದ ಹಾಗೆ ಮಾಡುತ್ತೇನೆ ಎಂದ. ಆರನೆಯ ಸಲಕ್ಕೆ ತಾಳ್ಮೆ ಕೆಟ್ಟು ಕೂಗಿದ. "ಸಾರಿ ಅನ್ನೋಕೆ ಅಷ್ಟು ಕಷ್ಟಾನಾ ನಿಮಗೆ? ಎಲ್ಲಾದಕ್ಕೂ ಅಂತಿದ್ರಲ್ಲ!"

"ಎಲ್ಲಾದಕ್ಕೂ ಅಂದೆ ಸರ್," ಎಂದಳು ಗಂಟಲಕ್ಕ ಮೈಕಿಗೆ ಬಾಯಿಟ್ಟು. "ಖಾಲಿಯಾಯ್ತು."

ಹೆಡ್‌ಫೋನು ಕಳಚಿ ಸ್ಟ್ಯಾಂಡಿಗೆ ನೇತುಹಾಕಿ ಹೊರಗೆ ಬಂದಳು. ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸೌಂಡಿನಣ್ಣನ ಹಿಂದಿನ ಬೆಂಚಿನ ಮೇಲೆ ಕೈಕಟ್ಟಿ ಕೂತಳು. ಇದು ಏನಾಗುತ್ತದೋ ನೋಡಿಯೇ ಹೋಗುತ್ತೇನೆ ಎನ್ನುವ ಹಟ. ನಿರ್ದೇಶಕ ಅವಳನ್ನು ಕ್ಯಾರೇ ಎನ್ನದೆ ಯಾರಿಗೋ ಫೋನು ಮಾಡಿದ.

ಮಧ್ಯಾಹ್ನ ಮೂರಕ್ಕೆ ಜಾಹೀರಾತಿನ ಹುಡುಗಿ ಬಂದಳು. ಟೂತ್‌ಪೇಸ್ಟು, ಸೋಪು, ಕುಕ್ಕರುಗಳಿಗೆ ಧ್ವನಿ ಕೊಡುವವಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಗಂಟಲಕ್ಕನ ಧ್ವನಿಯನ್ನು ಥೇಟ್ ಹಾಗೆಯೇ ಮಾಡಿ ತೋರಿಸುತ್ತಾಳೆ ಎಂದು ಹೆಸರಾದವಳು. ಬೆಂಚಿನ ಮೇಲೆ ಕೂತವಳನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಸೌಂಡಿನಣ್ಣ ಒಪ್ಪಿಗೆಯ ಚೀಟಿ ಮುಂದಿಟ್ಟ. ಹೋದ ವರ್ಷ ಯಾರೋ ಗಾಯಕಿ ಕೋರ್ಟಿಗೆ ಹೋದ ಮೇಲೆ ಕಂಪನಿ ಇದನ್ನು ಬಿಗಿ ಮಾಡಿತ್ತು. ಸಹಿ ಇಲ್ಲದ ಧ್ವನಿಯನ್ನು ಒಂದಕ್ಷರವೂ ಬಳಸುವಂತಿರಲಿಲ್ಲ.

"ಅದೆಲ್ಲ ಆಮೇಲೆ! ಒಳಗೆ ನಡಿ, ಟೈಮಿಲ್ಲ," ಎಂದ ನಿರ್ದೇಶಕ.

ಹುಡುಗಿ ಒಳಗೆ ಹೋದಳು. ಮೊದಲ ಸಲ ಹೇಳಿದ್ದು ಟೂತ್‌ಪೇಸ್ಟು ಮಾರಿದಂತಿತ್ತು. ಎರಡನೆಯದು ಕುಕ್ಕರು ಮಾರಿದಂತೆ. ಎಂಟು ಸಲವಾಯಿತು, ಹತ್ತಾಯಿತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಹನ್ನೊಂದನೆಯ ಸಲ ನಿರ್ದೇಶಕ ತಾನೇ ಕೈ ಹಾಕಿ ಚಿತ್ರ ಓಡಿಸಲು ಹೋಗಿ ತಪ್ಪು ಜಾಗದಿಂದ ಓಡಿಸಿದ. ಹುಡುಗಿ ಅದನ್ನೇ ನಂಬಿ, ಧಣಿಯ ಮಾತಿನ ಮೇಲೆ ತನ್ನ ಮಾತು ಹೇಳಿಬಿಟ್ಟಳು.

"ಕಣ್ಣು ಕಾಣಲ್ವಾ ನಿಂಗೆ? ಎಲ್ಲಿಂದ ಬರ್ತೀರಿ ನೀವೆಲ್ಲ?" ಎಂದು ಅವನು ಗುಂಡಿ ಒತ್ತಿ ಗುಡುಗಿದ.

ಗಾಜಿನೊಳಗೆ ಹುಡುಗಿಯ ಭುಜ ಕುಗ್ಗಿತು. ಕಣ್ಣು ತುಂಬಿತು. ಮೈಕಿನ ಮುಂದೆ ತಲೆ ತಗ್ಗಿಸಿ ಹೇಳಿದಳು: "ಸಾರಿ. ನನ್ನದೇ ತಪ್ಪು."

ನಿರ್ದೇಶಕ ಕುರ್ಚಿಯಿಂದ ನೆಗೆದೆದ್ದ. "ಬಂತು! ಇದು! ಇದೇ ಬೇಕಾಗಿದ್ದದ್ದು! ಇಡಣ್ಣ ಇದನ್ನ, ನನ್ನ ಮಾತು ಸೋರಿಲ್ಲ ತಾನೆ?"

ಸೌಂಡಿನಣ್ಣ ಕೇಳಿ ನೋಡಿದ. "ಇಲ್ಲ ಸರ್, ಶುದ್ಧವಾಗಿದೆ. ಹೆಡ್‌ಫೋನು ಹೊಸದು."

ಗಂಟಲಕ್ಕನ ಮೈಯೆಲ್ಲ ಉರಿದುಹೋಯಿತು. ತನಗೆ ಹಾಗಾದ ದಿನ ಅವಳು ಗಾಜಿನ ಒಳಗಿದ್ದಳು. ಅದು ಹೇಗೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈಗ ಹೊರಗಿನಿಂದ ಕಂಡಳು. ಹೆದರಿಸುವುದು, ಬಗ್ಗಿದ ಕೂಡಲೇ ಆಹಾ ಎನ್ನುವುದು. ಎದ್ದು ಬಂದು ಸೌಂಡಿನಣ್ಣನ ಭುಜದ ಮೇಲಿಂದ ಕೈ ಚಾಚಿ ಗುಂಡಿ ಒತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಗುಂಡಿಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಕೇಳಮ್ಮ," ಎಂದಳು. "ಚಿತ್ರ ತಪ್ಪಾಗಿ ಓಡಿಸಿದ್ದು ಇವರು. ನೀನಲ್ಲ. ಈಗ ನೀನು ಅಂದ್ಯಲ್ಲ ಸಾರಿ, ಅದನ್ನ ಆ ಮುಖವಾಡದವಳ ಬಾಯಿಗೆ ಹಾಕ್ತಾರೆ. ಊರೂರಲ್ಲಿ ಕೇಳಿಸ್ತಾರೆ. ನಂದನ್ನೂ ಹಾಗೇ ಹಾಕಿದ್ರು. ನೀನಿನ್ನೂ ಚೀಟಿಗೆ ಸಹಿ ಹಾಕಿಲ್ಲ. ಹಾಕಿದ್ರೆ ಅದು ಅವರದ್ದು, ಹಾಕದಿದ್ರೆ ನಿಂದು. ಇಷ್ಟೇ ನಾನು ಹೇಳೋದು."

"ಯಾರ್ರೀ ನಿಮಗೆ ಗುಂಡಿ ಮುಟ್ಟೋಕೆ ಹೇಳಿದ್ದು!" ನಿರ್ದೇಶಕ ಅವಳ ಕೈ ತಳ್ಳಿದ.

ಹುಡುಗಿ ಹೊರಗೆ ಬಂದಳು. ನಿರ್ದೇಶಕ ಪೆನ್ನು ತೆರೆದು ಅವಳ ಕೈಗೇ ಕೊಟ್ಟು, ದನಿ ಇಳಿಸಿ, "ಹೆದರಬೇಡಮ್ಮ, ಅದ್ಭುತವಾಗಿ ಮಾಡಿದೀಯ. ಎಂಥ ಆ್ಯಕ್ಟಿಂಗು! ಹಾಕು ಒಂದು ಸಹಿ," ಎಂದ.

ಹುಡುಗಿ ಚೀಟಿ ನೋಡಿದಳು. ಪೆನ್ನನ್ನು ಮೇಜಿನ ಮೇಲಿಟ್ಟಳು. "ಅದು ಆ್ಯಕ್ಟಿಂಗಲ್ಲ ಸರ್," ಎಂದಳು, ಸಣ್ಣಗೆ. "ನಿಮಗೆ ಹೆದರಿ ಅಂದಿದ್ದು."

"ಏನು?"

"ಹೆದರಿ ಅಂದಿದ್ದು ಸರ್. ಅದನ್ನ ಕೊಡಲ್ಲ."

ನಿರ್ದೇಶಕನ ಬಾಯಿಗೆ ಬಾರದ ಮಾತಿಲ್ಲ. ಹುಡುಗಿಯನ್ನು ಬೈದ, ಗಂಟಲಕ್ಕನನ್ನು ಬೈದ, ಇಬ್ಬರ ಮನೆಯವರನ್ನೂ ಎಳೆದು ತಂದ, ಈ ಊರಿನಲ್ಲಿ ಇನ್ನು ಇಬ್ಬರಿಗೂ ಕೆಲಸ ಸಿಕ್ಕಿದರೆ ಕೇಳಿ ಎಂದ. ಗಂಟಲಕ್ಕ ಪೂರ್ತಿ ಕೇಳಿಸಿಕೊಂಡಳು. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ, "ಮುಗೀತಾ?" ಎಂದಳು. ಹುಡುಗಿಯ ಕೈ ಹಿಡಿದು ಬಾಗಿಲಿಗೆ ನಡೆದಳು.

ಆ ಬಾಗಿಲು ಭಾರ. ಮುಚ್ಚಲು ಹೊತ್ತು ಹಿಡಿಯುತ್ತದೆ. ಅದು ನಿಧಾನಕ್ಕೆ ಮುಚ್ಚಿಕೊಳ್ಳುತ್ತಿರುವಾಗ ಒಳಗೆ ಸೌಂಡಿನಣ್ಣ ಕೇಳುವುದು ಕೇಳಿಸಿತು. ಅವನ ದನಿ ಎಂದಿನಂತಿರಲಿಲ್ಲ, ಸ್ವಲ್ಪ ಜೋರಾಗಿತ್ತು. "ಸರ್, ಈಗ ಅಕ್ಕನ ಆ ಸಾರಿಯೊಂದೇ ಇರೋದು. ಅದನ್ನ ನಿಮ್ಮ ಬೈಗುಳದ ಜೊತೆ ಇಡ್ಲಾ, ಇಲ್ಲ ಹಳೇ ಕೊನೇನೇ ಹಾಕ್ಲಾ? ಗಂಟೆ ಐದಾಯ್ತು."

ನಿರ್ದೇಶಕ ಕುರ್ಚಿ ಒದ್ದ ಸದ್ದು ಬಂತು. "ಹಾಳಾಗಿ ಹೋಗ್ಲಿ. ಹಳೇದೇ ಹಾಕು."

ಬಾಗಿಲು ಮುಚ್ಚಿಕೊಂಡಿತು.

ಇಬ್ಬರೂ ಮೆಟ್ಟಿಲಿಳಿದರು. ಗಂಟಲಕ್ಕನಿಗೆ ಗೆದ್ದೆ ಎನ್ನುವ ಸಂತೋಷ ಎಲ್ಲೂ ಕಾಣಲಿಲ್ಲ. ನಾಳೆಯಿಂದ ಫೋನು ಬಾರದು ಎಂದು ಗೊತ್ತಿತ್ತು. ಇಷ್ಟು ಸಣ್ಣ ನ್ಯಾಯಕ್ಕೆ ಇಷ್ಟು ದೊಡ್ಡ ರಾದ್ಧಾಂತ ಬೇಕಾಯಿತಲ್ಲ ಎನ್ನುವ ಸಿಟ್ಟು ಮಾತ್ರ ಹಾಗೆಯೇ ಉಳಿದಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಹುಡುಗಿ ನಿಂತಳು.

"ಸಾರಿ ಅಕ್ಕ," ಎಂದಳು.

ಗಂಟಲಕ್ಕ ಗಕ್ಕನೆ ತಿರುಗಿದಳು. "ಯಾತಕ್ಕೆ?"

ಹುಡುಗಿ ಯೋಚಿಸಿದಳು. ನಿಜವಾಗಿಯೂ ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದಳು. "ಗೊತ್ತಿಲ್ಲ ಅಕ್ಕ," ಎಂದಳು ಕೊನೆಗೆ. "ಸುಮ್ನೆ ಬಾಯಿಗೆ ಬಂತು."

ಗಂಟಲಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಹುಡುಗಿಯ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಕೂತ್ಕೋ ಇಲ್ಲೇ," ಎಂದಳು. "ಅದು ಬಾಯಿಗೆ ಬರೋದು ನಿಲ್ಲೋವರೆಗೂ ಇಬ್ಬರೂ ಏಳೋದು ಬೇಡ."